ವೀರಗಲ್ಲಿನ ನಾಯಕ, ಶಾಸನ ಓದುವ ನಾಯಕಿ: ಪ್ಯಾರಾನಾರ್ಮಲ್ ರೊಮ್ಯಾನ್ಸ್ ಸರಣಿ 12ನೇ ಕಂತಿಗೇ ನಿಂತಿದೆ

ನೀಲಿಶಾಯಿ:

ಎಲ್ಲರಿಗೂ ನಮಸ್ಕಾರ. ಪ್ಯಾರಾನಾರ್ಮಲ್ ರೊಮ್ಯಾನ್ಸ್ (ಅತಿಮಾನುಷ ಪಾತ್ರ ಇರೋ ಪ್ರೇಮಕತೆ) ಸರಣಿ ಬರೀತಿದ್ದೀನಿ, ಇನ್ನೂ ಎಲ್ಲೂ ಹಾಕಿಲ್ಲ. ಮೊದಲ ಪುಸ್ತಕ 40 ಕಂತು, ಕಂತಿಗೆ ಸುಮಾರು 1200 ಪದ. ಜಾಗ ಶಿಕಾರಿಪುರ–ಸೊರಬ ಕಡೆಯ ಒಂದು ಕಲ್ಪಿತ ಊರು. ಕೆರೆ ಹೂಳೆತ್ತುವಾಗ ಒಂದು ವೀರಗಲ್ಲು ಸಿಗುತ್ತೆ. ಅದನ್ನು ಓದೋಕೆ ಬಂದ ನಾಯಕಿ (29 ವರ್ಷ, 11 ತಿಂಗಳ ಗುತ್ತಿಗೆ ಕೆಲಸ) ಕಲ್ಲಿನ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದ ಕೂಡಲೇ, ತುರುಗಾಳಗದಲ್ಲಿ (ದನಗಳಿಗಾಗಿ ನಡೆಯೋ ಕಾಳಗ) ಸತ್ತ ವೀರ ಎದ್ದು ಬರ್ತಾನೆ. ಶಾಸನದ ಕಾಲ ಕ್ರಿ.ಶ. 1008.

ತೊಂದರೆ ಏನಂದ್ರೆ, 12ನೇ ಕಂತಿಗೇ ಇಬ್ಬರೂ ಪ್ರೀತಿ ಒಪ್ಪಿಕೊಂಡುಬಿಟ್ಟಿದ್ದಾರೆ. ಮಿಕ್ಕ 28 ಕಂತಿಗೆ ಏನೂ ಉಳಿದಿಲ್ಲ. ಅವನಿಗೆ ಮಾಯವಾಗೋದು, ಗಾಯ ವಾಸಿ ಮಾಡೋದು, ಮನಸ್ಸು ಓದೋದು ಎಲ್ಲಾ ಬರುತ್ತೆ. ಹಾಗಾಗಿ ಅಡ್ಡಿ ಅಂತ ಏನು ತಂದರೂ ಎರಡು ಪ್ಯಾರಾದಲ್ಲಿ ಮುಗಿಯುತ್ತೆ. ನಾಯಕಿ ಬೆರಗಾಗೋದು ಬಿಟ್ರೆ ಬೇರೆ ಏನೂ ಮಾಡ್ತಿಲ್ಲ.

ಎರಡನೇ, ಮೂರನೇ ಪುಸ್ತಕಕ್ಕೂ ಇದೇ ಜೋಡಿ ಇರಲಾ, ಹೊಸ ಜೋಡಿ ತರಲಾ? ಅವನ ಮಾತು ಹಳಗನ್ನಡದಲ್ಲಿರಬೇಕಾ? ಮೂರನೇ ಪುಸ್ತಕಕ್ಕೆ ಕರಾವಳಿಯ ದೈವವೊಂದನ್ನು ನಾಯಕನಾಗಿ ಮಾಡೋ ಯೋಚನೆ ಇತ್ತು, ಅದು ಸರೀನಾ?

ಕರಡು ತಿದ್ದುವವ:

ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮ ಕತೆಯಿಂದ ಪ್ರೀತಿಯನ್ನು ತೆಗೆದರೂ ಕತೆ ನಿಂತರೆ ಅದು ದೆವ್ವದ ಕತೆ. ಅತಿಮಾನುಷವನ್ನು ತೆಗೆದರೂ ನಿಂತರೆ ಅದು ಮಾಮೂಲಿ ಪ್ರೇಮಕತೆ. ಎರಡರಲ್ಲಿ ಯಾವುದನ್ನು ಎಳೆದರೂ ಇನ್ನೊಂದು ಕುಸಿಯಬೇಕು. ಈಗಿರುವ ಹಾಗೆ ನಿಮ್ಮ ವೀರನ ಜಾಗದಲ್ಲಿ ದುಬೈಯಿಂದ ಬಂದ ಶ್ರೀಮಂತನನ್ನು ತಂದು ನಿಲ್ಲಿಸಿದರೂ 12 ಕಂತು ಹೀಗೇ ನಡೆಯುತ್ತೆ. ಅವನು ಸತ್ತವನು ಅನ್ನೋದೇ ಪ್ರೀತಿಗೆ ಅಡ್ಡಿಯಾಗಿಲ್ಲ, ಅದೇ ರೋಗದ ಮೂಲ.

ಹಾಗಾಗಿ ಮೊದಲು ಶಕ್ತಿಗಳ ಪಟ್ಟಿ ಹರಿದುಹಾಕಿ, ಕಟ್ಟಳೆಗಳ ಪಟ್ಟಿ ಬರೆಯಿರಿ. ನಾಲ್ಕು ಪ್ರಶ್ನೆಗೆ ಉತ್ತರ ಇದ್ದರೆ ಸಾಕು: ಅವನು ಎಚ್ಚರಾಗುವುದು ಯಾವಾಗ, ಎಷ್ಟು ದಿನ ಇರಬಲ್ಲ, ಏನು ಮಾಡಿದರೆ ಏನು ಕಳೆದುಕೊಳ್ತಾನೆ, ಅವನನ್ನು ಹಿಡಿದಿಟ್ಟಿರೋದು ಯಾರು. ಉತ್ತರಗಳು ಒಂದು ಪುಟ ದಾಟಬಾರದು. ಪುಟ ದಾಟಿತು ಅಂದರೆ ನೀವು ಕಷ್ಟ ಬಂದಾಗಲೆಲ್ಲ ಹೊಸ ಕಟ್ಟಳೆ ಹುಟ್ಟಿಸ್ತಿದ್ದೀರಿ ಅಂತ ಅರ್ಥ, ಓದುಗರು ಅದನ್ನು ಬೇಗ ಕಂಡುಹಿಡೀತಾರೆ.

ಮನಸ್ಸು ಓದುವ ಶಕ್ತಿಯನ್ನು ಮಾತ್ರ ಚರ್ಚೆಯಿಲ್ಲದೆ ತೆಗೆಯಿರಿ. ಪ್ರೇಮಕತೆ ನಡೆಯೋದೇ ಎದುರಿನವರ ಮನಸ್ಸಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಇರೋದರಿಂದ. ಗಾಯ ವಾಸಿ ಮಾಡೋದು ಇರಲಿ, ಆದರೆ ಅದಕ್ಕೆ ಎಣಿಸಬಹುದಾದ ಬೆಲೆ ಇರಲಿ. ವೀರಗಲ್ಲು ಅಂದಮೇಲೆ ಬೆಲೆ ಕಣ್ಣೆದುರೇ ಇದೆ, ಅಕ್ಷರಗಳು. ಶಾಸನ ಐದು ಸಾಲು, ಸಾಲಿಗೆ 14 ಅಕ್ಷರ, ಒಟ್ಟು 70 ಅಂತ ಇಟ್ಟುಕೊಳ್ಳಿ. ಅವನು ಮನುಷ್ಯರ ಕೈಯಲ್ಲಾಗದ ಕೆಲಸ ಒಂದು ಮಾಡಿದರೆ ಕಲ್ಲಿನಿಂದ ಒಂದು ಅಕ್ಷರ ಹೋಗುತ್ತೆ. ಜೀವ ಉಳಿಸಿದರೆ ಐದು ಹೋಗುತ್ತೆ. ಕೊನೆಗೆ ಉಳಿಯೋದು ಅವನ ಹೆಸರಿನ ನಾಲ್ಕು ಅಕ್ಷರ. ಅವೂ ಹೋದರೆ ಅವನೂ ಇಲ್ಲ. ಈಗ ನೋಡಿ, ಅದೇ ಗಾಯ ವಾಸಿ ಮಾಡೋ ದೃಶ್ಯ ಎಷ್ಟು ಭಾರವಾಗುತ್ತೆ ಅಂತ. ಮಗುವೊಂದು ಕೆರೆಗೆ ಬಿದ್ದರೆ ಓದುಗರು ಉಳಿಸಪ್ಪಾ ಅನ್ನೋದರ ಜೊತೆಗೆ ಬೇಡ ಅಂತಲೂ ಅಂದುಕೊಳ್ತಾರೆ.

ಇದಕ್ಕೆ ಒಂದು ಲೆಕ್ಕದ ಹಾಳೆ ಇಡಿ. ಕಂತಿನ ಸಂಖ್ಯೆ, ಕತೆಯೊಳಗಿನ ತಾರೀಖು, ಉಳಿದ ಅಕ್ಷರ, ಅವರಿಬ್ಬರ ನಡುವೆ ಅಂದು ಬದಲಾದದ್ದು, ಯಾರಿಗೆ ಏನು ಗೊತ್ತಾಯಿತು. ಈ ಕೊನೆಯ ಅಂಕಣವನ್ನು ಎಲ್ಲರೂ ಬಿಟ್ಟುಬಿಡ್ತಾರೆ, ಕಂತುಗಳಲ್ಲಿ ಬರುವ ಕಾದಂಬರಿಗಳು ಹಳಿ ತಪ್ಪೋದೂ ಅಲ್ಲೇ. 9ನೇ ಕಂತಲ್ಲಿ ಅಕ್ಕನಿಗೆ ಗುಟ್ಟು ಗೊತ್ತಾಗಿರುತ್ತೆ, 17ರಲ್ಲಿ ಅದೇ ಅಕ್ಕ "ಯಾರೇ ಇವನು?" ಅಂತ ಕೇಳ್ತಾಳೆ.

ಇನ್ನು 12ನೇ ಕಂತು. 40 ಕಂತಿನ ಪುಸ್ತಕದಲ್ಲಿ ಇಬ್ಬರೂ ಬಾಯಿಬಿಟ್ಟು ಒಪ್ಪಿಕೊಳ್ಳೋದು 24–26ರ ಹೊತ್ತಿಗೆ ಬರಬೇಕು. ಬೆಲೆ ಏನು ಅಂತ ನಾಯಕಿಗೆ ಗೊತ್ತಾಗೋದು ನಡುಮಧ್ಯೆ, 20ರ ಆಸುಪಾಸು. ಅಂದರೆ ಬೆಲೆ ಗೊತ್ತಿದ್ದೂ ಅವಳು ಒಪ್ಪಿಕೊಳ್ಳಬೇಕು, ಈ ಕ್ರಮ ತಿರುಗುಮುರುಗಾದರೆ ಅವಳು ಮೋಸ ಹೋದವಳಾಗ್ತಾಳೆ. 30–32ಕ್ಕೆ ಒಡಕು. ಅದು ಹೊರಗಿನ ಖಳನಿಂದ ಬಂದರೆ ಜಳ್ಳು, ಇಬ್ಬರಲ್ಲಿ ಒಬ್ಬರ ಸ್ವಭಾವದಿಂದಲೇ ಬರಬೇಕು. ಬರೆದ ಕಂತನ್ನು ಎಸೆಯೋದು ಬೇಡ. 12ರಲ್ಲಿ ಅವನು ಮಾತ್ರ ಹೇಳಲಿ, ತನ್ನ ಹಳೆಯ ಭಾಷೆಯಲ್ಲಿ, ಇವಳಿಗೆ ತಿಳಿಯಲ್ಲ ಅನ್ನೋ ಧೈರ್ಯದ ಮೇಲೆ. ಅವಳು ಓದಿರೋದೇ ಶಾಸನಶಾಸ್ತ್ರ, ಪ್ರತಿ ಪದ ತಿಳಿದಿದೆ. ತಿಳಿಯದವಳ ಹಾಗೆ "ಟೀ ಆರಿ ಹೋಗ್ತಿದೆ, ಕುಡೀರಿ" ಅಂತಾಳೆ. ಇದರ ಮೇಲೆ ಹನ್ನೆರಡು ಹದಿಮೂರು ಕಂತು ಆರಾಮಾಗಿ ನಡೆಸಬಹುದು.

ನಾಯಕಿ ಬೆರಗಾಗೋದು ಬಿಟ್ಟು ಏನೂ ಮಾಡಲ್ಲ ಅಂದಿರಿ. ಅವಳಿಗೆ ಅವನಿಲ್ಲದಿದ್ದರೂ ಬೇಕಾದದ್ದು ಏನಾದರೂ ಇದೆಯಾ? 11 ತಿಂಗಳ ಗುತ್ತಿಗೆ ಅಂತ ನೀವೇ ಬರೆದಿದ್ದೀರಿ, ಅದನ್ನು ಬಿಡಬೇಡಿ. ಈ ಶಾಸನವನ್ನು ಮೊದಲು ಓದಿ ಪ್ರಕಟಿಸಿದವಳು ಅನ್ನೋ ಹೆಸರು ಬಂದರೆ ಅವಳಿಗೆ ಕಾಯಂ ಕೆಲಸದ ದಾರಿ ತೆರೆಯುತ್ತೆ. ಅವನು ಒಬ್ಬೊಬ್ಬರನ್ನು ಉಳಿಸಿದಾಗಲೂ ಅವಳ ಶಾಸನ ಅಳಿಸ್ತಾ ಹೋಗುತ್ತೆ. ಜಗಳಕ್ಕೆ ಇದಕ್ಕಿಂತ ಒಳ್ಳೆ ಕಾರಣ ಹುಡುಕಿದರೂ ಸಿಗಲ್ಲ.

ಪಡಿಯಚ್ಚು:

ಮೇಲಿನವರ ಅಕ್ಷರದ ಲೆಕ್ಕ ಚೆನ್ನಾಗಿದೆ. ಆದರೆ ಅದಕ್ಕಿಂತ ದೊಡ್ಡ ಅಡ್ಡಿ ಕಲ್ಲಿನ ಮೇಲೇ ಕೆತ್ತಿದೆ, ಅದನ್ನು ಯಾಕೆ ಬಳಸಿಲ್ಲ?

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂಕಣ. ತಳದಲ್ಲಿ ಕಾಳಗ, ನಿಮ್ಮದು ತುರುಗೋಳಾದ್ದರಿಂದ ಹಸುಗಳೂ ಇರುತ್ತವೆ. ನಡುವೆ ಸುರಾಂಗನೆಯರು, ಅಂದರೆ ಸ್ವರ್ಗದ ಅಪ್ಸರೆಯರು, ವೀರನನ್ನು ಎರಡೂ ಕಡೆ ಹಿಡಿದು ಮೇಲಕ್ಕೊಯ್ಯುವುದು. ಮೇಲೆ ಕೈಲಾಸ: ಲಿಂಗ, ಪೂಜೆ ಮಾಡುವವ, ಕೂತ ವೀರ, ತುದಿಯಲ್ಲಿ ಸೂರ್ಯಚಂದ್ರ. ಬರಹ ಇರುವುದು ಅಂಕಣಗಳ ನಡುವಿನ ಪಟ್ಟಿಗಳಲ್ಲಿ. ಅನೇಕ ವೀರಗಲ್ಲುಗಳಲ್ಲಿ ಕಾಣುವ ಶ್ಲೋಕ ನಿಮಗೆ ಗೊತ್ತಿರಬಹುದು: "ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ". ಗೆದ್ದರೆ ಸಂಪತ್ತು, ಸತ್ತರೆ ಸುರಾಂಗನೆ. ಅಂದರೆ ನಿಮ್ಮ ನಾಯಕ ಈಗಾಗಲೇ ಒಬ್ಬಳಿಗೆ ಸಂದವನು. ಅವಳು ಅವನನ್ನು ಎತ್ತಿಕೊಂಡು ಹೋಗುವ ಚಿತ್ರವೇ ನಾಯಕಿಯ ಎದುರು ಕಲ್ಲಿನಲ್ಲಿ ನಿಂತಿದೆ. ಕರಡು ತಿದ್ದುವವರ ನಾಲ್ಕನೇ ಪ್ರಶ್ನೆಗೆ ಉತ್ತರ ಇವಳು. ಇವಳನ್ನು ಖಳನಾಯಕಿ ಮಾಡಬೇಡಿ. ಅವಳ ಹಕ್ಕು ನ್ಯಾಯವಾದದ್ದು, ಅವನು ಮಾತು ಕೊಟ್ಟು ಸತ್ತಿದ್ದಾನೆ. ಇಬ್ಬರು ಹೆಂಗಸರೂ ಸರಿ ಇದ್ದಾಗಲೇ ಕತೆಗೆ ಬಿಸಿ.

ಅವಧಿಗೆ 60 ವರ್ಷಕ್ಕೊಮ್ಮೆ ಮರಳಿ ಬರುವ ಸಂವತ್ಸರ ಬಳಸಿ. ಕ್ರಿ.ಶ. 1008 ಅಂದರೆ ಶಕ 930. ಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರ. 942ರಲ್ಲಿ ಶೇಷ 42, ಅಂದರೆ ಕೀಲಕ. ಕೀಲಕ ಮತ್ತೆ ಬಂದದ್ದು 1968–69ರಲ್ಲಿ, ಮುಂದೆ ಬರುವುದು 2028–29ರಲ್ಲಿ, 1008ರಿಂದ ಹದಿನೇಳನೇ ಸುತ್ತು. ಕಟ್ಟಳೆ ಹೀಗಿರಲಿ: ಕೀಲಕ ಸಂವತ್ಸರ ನಡೆಯುತ್ತಿರಬೇಕು, ಯಾರಾದರೂ ಕಲ್ಲು ಮುಟ್ಟಿ ಅವನ ಹೆಸರು ಹೇಳಬೇಕು, ಯುಗಾದಿಯಿಂದ ಯುಗಾದಿವರೆಗೆ ಅವನಿಗೆ ಆಯುಷ್ಯ. ಹೂಳೆತ್ತುವುದೂ ಬೇಸಿಗೆಯಲ್ಲೇ ಆದ್ದರಿಂದ ಯುಗಾದಿಯ ಹೊತ್ತಿಗೆ ಕಲ್ಲು ಸಿಗುವುದು ಸಹಜ. ಮಳೆ ಹಿಡಿದರೆ ಕೆರೆ ತುಂಬುತ್ತೆ, ಅಷ್ಟರೊಳಗೆ ಕಲ್ಲನ್ನು ಎತ್ತಬೇಕು. ಅವಳ 11 ತಿಂಗಳ ಗುತ್ತಿಗೆಯೂ ಅವನ ಆಯುಷ್ಯವೂ ಹತ್ತಿರ ಹತ್ತಿರ ಮುಗಿಯುತ್ತವೆ.

ಇದರಿಂದ ಇನ್ನೊಂದು ಲಾಭ. 1968ರಲ್ಲೂ ಅವನನ್ನು ಯಾರೋ ಎಬ್ಬಿಸಿರಬಹುದು. ಆಗ 20ರ ಹುಡುಗಿ, ಈಗ 80ರ ಅಜ್ಜಿ, ಅದೇ ಊರಲ್ಲಿ. ಅವಳಿಗೆ ಹಳೆಯ ಲಿಪಿ ಓದಲು ಬರಬೇಕಿಲ್ಲ. ಕಲ್ಲು ಆಗ ಕೆರೆ ದಂಡೆಯಲ್ಲಿ ಬರಹದ ಮೈ ಕೆಳಗಾಗಿ ಬಿದ್ದು ಬಟ್ಟೆ ಒಗೆಯಲು ಬಳಕೆಯಾಗುತ್ತಿತ್ತು (ಇಂಥ ಕಲ್ಲುಗಳಿಗೆ ಈ ಗತಿ ಹೊಸದಲ್ಲ), ಊರಿನ ಹೆಂಗಸರ ಹಾಡೊಂದರಲ್ಲಿ ಅವನ ಹೆಸರು ಉಳಿದಿತ್ತು, ಅವಳು ಒಗೆಯುತ್ತಾ ಹಾಡಿದಳು. ಅಜ್ಜಿ 15ನೇ ಕಂತಿನ ಹೊತ್ತಿಗೆ ಅವನನ್ನು ಬೀದಿಯಲ್ಲಿ ನೋಡಿ ಗುರುತು ಹಿಡಿಯಲಿ. ಅವನು ಅವತ್ತಿನ ಹಾಗೇ ಇದ್ದಾನೆ. ನಾಯಕಿಗೆ ತನ್ನ ಮುಂದೇನಿದೆ ಅಂತ ಯಾರೂ ವಿವರಿಸಿ ಹೇಳಬೇಕಾಗುವುದಿಲ್ಲ.

ಭಾಷೆಯ ಪ್ರಶ್ನೆಯೂ ಅರ್ಧ ಇಲ್ಲೇ ಬಗೆಹರಿಯುತ್ತೆ. ಅವನ ಕೊನೆಯ ಎಚ್ಚರ 1968ರದ್ದಾದರೆ ಅವನ ಆಡುಮಾತು ಆ ಕಾಲದ್ದು. ಅವನ ಬಾಯಲ್ಲಿ ಇನ್ನೂ ಮೈಸೂರು ರಾಜ್ಯ, ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ. ಟ್ರಾನ್ಸಿಸ್ಟರ್ ಗೊತ್ತು, ಮೊಬೈಲ್ ಗೊತ್ತಿಲ್ಲ. ಹಳಗನ್ನಡ ಬರುವುದು ಮೈಮರೆತಾಗ ಮಾತ್ರ: ನಿದ್ದೆಗಣ್ಣಲ್ಲಿ, ಸಿಟ್ಟಲ್ಲಿ, ಆ 12ನೇ ಕಂತಿನಲ್ಲಿ. ಆಗಲೂ ಒಂದು ಮಾತಿಗೆ ಒಂದೆರಡು ಪದ ಸಾಕು, ಪಾಲ್, ಪುಲಿ, ಪೆಸರ್ ಥರದವು. ಓದುಗರು ತಾವೇ ಹಾಲು, ಹುಲಿ, ಹೆಸರು ಅಂತ ಜೋಡಿಸಿಕೊಳ್ತಾರೆ. ಇಡೀ ವಾಕ್ಯ ಹಳಗನ್ನಡದಲ್ಲಿ ಹಾಕಿದರೆ ವಿಭಕ್ತಿ ತಪ್ಪುತ್ತೆ, ತಪ್ಪದಿದ್ದರೂ ಓದುವವರು ದಾಟಿಕೊಂಡು ಹೋಗ್ತಾರೆ. 1008ರ ನೆನಪಿನ ದೃಶ್ಯಗಳಲ್ಲಿ ಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊ, ಹೊಗೆಸೊಪ್ಪು ಬರಕೂಡದು. ಎಲ್ಲ ಪೋರ್ಚುಗೀಸರು ಬಂದ ಮೇಲಿನವು. ಖಾರ ಬೇಕಾದರೆ ಕಾಳುಮೆಣಸು. ರಾಜಕೀಯ ಹಿನ್ನೆಲೆ ಬೇಕಿದ್ದರೆ ಆಗ ಬನವಾಸಿ ನಾಡು ಕಲ್ಯಾಣದ ಚಾಲುಕ್ಯರ ಕೈಯಲ್ಲಿತ್ತು.

ನಾಯಕಿಯ ಕೆಲಸವನ್ನು ಹಿನ್ನೆಲೆಯ ಪರದೆ ಮಾಡಬೇಡಿ, ಅದರಲ್ಲೇ ಸರಸ ಇದೆ. ಪಡಿಯಚ್ಚು, ಅಂದರೆ ಕಲ್ಲಿನ ಬರಹದ ಅಚ್ಚನ್ನು ಕಾಗದದ ಮೇಲೆ ತೆಗೆಯುವ ಕ್ರಮ ಇದು: ಕಲ್ಲನ್ನು ನೀರು ಹಾಕಿ ಬ್ರಷ್‌ನಿಂದ ಉಜ್ಜಿ ಪಾಚಿ ತೆಗೆಯಬೇಕು. ಒದ್ದೆ ಮಾಡಿದ ಕಾಗದ ಹಾಸಿ, ಒಳಗೆ ಗಾಳಿ ನಿಲ್ಲದಂತೆ ನಡುವಿನಿಂದ ಅಂಚಿಗೆ ಒತ್ತಬೇಕು. ಗಡಸು ಬ್ರಷ್‌ನಿಂದ ತಟ್ಟಿ ತಟ್ಟಿ ಕಾಗದವನ್ನು ಅಕ್ಷರದ ಗುಳಿಗಳಿಗೆ ಇಳಿಸಬೇಕು. ಅರೆ ಒಣಗಿದ ಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತಿದರೆ ಸುತ್ತ ಕಪ್ಪು, ಅಕ್ಷರ ಬಿಳಿ. ಹಸಿ ಇದ್ದಾಗಲೇ ಮಸಿ ಹಚ್ಚಿದರೆ ಹರಡುತ್ತೆ, ಜೋರಾಗಿ ತಟ್ಟಿದರೆ ಹರಿಯುತ್ತೆ, ಗಾಳಿ ಬಂದರೆ ಹಾಳೆ ಏಳುತ್ತೆ. ಒಬ್ಬರ ಕೈಯಲ್ಲಿ ಆಗದ ಕೆಲಸ, ಹಾಳೆ ಹಿಡಿಯಲು ಇನ್ನೊಬ್ಬರು ಬೇಕು. ಆ ಇನ್ನೊಬ್ಬ ಅವನೇ.

"ಅವನ ಕಣ್ಣುಗಳಲ್ಲಿ ಸಾವಿರ ವರ್ಷದ ನೋವಿತ್ತು" ಅಂತ ಬರೆಯುವ ಬದಲು ಹೀಗೆ ಬರೆದು ನೋಡಿ:

ತಟ್ಟುತ್ತಾ ತಟ್ಟುತ್ತಾ ಅವಳು ಮೂರನೇ ಸಾಲಿನ ಕೊನೆಗೆ ಬಂದಳು.
"ಅಲ್ಲಿ ಮೆಲ್ಲಗೆ," ಅಂದ.
"ಯಾಕೆ? ಕಲ್ಲು ಗಟ್ಟಿಯಾಗಿದೆಯಲ್ಲ."
"ಕಲ್ಲು ನಿಲ್ಲಿಸಿದವರ ಹೆಸರಿದೆ ಅಲ್ಲಿ. ಅವ್ವನದು."
ಅವಳು ಬ್ರಷ್ ಕೆಳಗಿಟ್ಟಳು. ಆ ಐದು ಅಕ್ಷರಗಳನ್ನು ಬೆರಳ ತುದಿಯಲ್ಲೇ ಒತ್ತಿ ಇಳಿಸಿದಳು.

ಇಬ್ಬರೂ ಪರಸ್ಪರ ಮುಟ್ಟಿಲ್ಲ. ಆದರೂ ಆ ಕಂತಿಗೆ ಇಷ್ಟು ಸಾಕು.

ರಾತ್ರಿಪಾಳಿ:

ಪುಸ್ತಕಕ್ಕೊಂದು ಜೋಡಿ ಅನ್ನೋ ಇಂಗ್ಲಿಷ್ ಸರಣಿಗಳ ಪದ್ಧತಿ ಅಲ್ಲಿ ನಡೆಯೋದು ಓದುಗರು ಪೂರ್ತಿ ಪುಸ್ತಕ ಕೊಳ್ಳೋದರಿಂದ. ಕಂತಿನ ಓದುಗರು ಬೇರೆ. ಅವರು ದಿನಾ ರಾತ್ರಿ ಇಬ್ಬರನ್ನು ನೋಡೋಕೆ ಬರ್ತಾರೆ, ಆ ಇಬ್ಬರನ್ನು ತೆಗೆದರೆ ಮನೆಗೆ ಹೋಗ್ತಾರೆ. ಹಾಗಂತ ಒಂದೇ ಜೋಡಿಯನ್ನು ಮೂರು ಪುಸ್ತಕ ಎಳೆಯೋಕೆ ಹೋದರೆ, ಎರಡನೆಯದರಲ್ಲಿ ಅವರನ್ನು ಸುಮ್ಮಸುಮ್ಮನೆ ಅಗಲಿಸಬೇಕಾಗುತ್ತೆ. ಅಪಘಾತ, ಮರೆವು, ತಪ್ಪು ತಿಳುವಳಿಕೆ. ಈ ಮೂರೂ ಸವೆದ ನಾಣ್ಯಗಳು.

ಮಧ್ಯದ ದಾರಿ ಅಂದರೆ ಜೋಡಿ ಹೊಸದು, ಮನೆ ಹಳೆಯದು. ಎರಡನೇ ಪುಸ್ತಕದ ನಾಯಕಿ ಮೊದಲ ಪುಸ್ತಕದ 8ನೇ ಕಂತಿಗೆ ಮುಂಚೆ ಕಾಣಿಸಿಕೊಂಡಿರಬೇಕು, ಅವಳಿಗೊಂದು ಅರ್ಧ ಹೇಳಿದ ದುಃಖ ಇರಬೇಕು. ನಿಮಗೆ ಸುರಾಂಗನೆ ತಯಾರಾಗಿಯೇ ಇದ್ದಾಳೆ. ಮೊದಲ ಪುಸ್ತಕದಲ್ಲಿ ಸೋತವಳು ಎರಡನೆಯದಕ್ಕೆ ನಾಯಕಿ: ಸಾವಿರಾರು ವೀರರನ್ನು ಹೊತ್ತೊಯ್ದು, ಒಬ್ಬರನ್ನೂ ತಾನಾಗಿ ಆರಿಸಿಕೊಳ್ಳದವಳು. ಓದುಗರು ಮೊದಲು ಶಪಿಸಿ ಆಮೇಲೆ ಅವಳ ಕಡೆಗಾಗ್ತಾರೆ. ಹಳೆಯ ಜೋಡಿ ಎರಡನೇ ಪುಸ್ತಕದಲ್ಲಿ ನಾಲ್ಕೈದು ಕಂತಿಗೊಮ್ಮೆ ಬಂದು ಹೋಗಲಿ, ಸುಖವಾಗಿ, ಸಣ್ಣ ಜಗಳದ ಜೊತೆ. ಮೂರೂ ಪುಸ್ತಕಕ್ಕೆ ದಾರವಾಗಿ ಒಂದು ಪ್ರಶ್ನೆ ಇಡಿ. ಉದಾಹರಣೆಗೆ, ಆ ಸೀಮೆಯ ವೀರಗಲ್ಲುಗಳು ಒಂದೊಂದಾಗಿ ಯಾಕೆ ಕಾಣೆಯಾಗ್ತಿವೆ? ಜೋಡಿಯ ಪ್ರಶ್ನೆ ಆಯಾ ಪುಸ್ತಕದಲ್ಲೇ ಮುಗಿಯಬೇಕು, ಕಲ್ಲಿನ ಪ್ರಶ್ನೆ ಮೂರನೆಯದರವರೆಗೆ ಹೋಗಬಹುದು. ಜೋಡಿಯನ್ನೇ ತೂಗುಬಿಟ್ಟು ಪುಸ್ತಕ ಮುಗಿಸಿದರೆ ಪ್ರೇಮಕತೆಯ ಓದುಗರು ಕ್ಷಮಿಸಲ್ಲ.

ಇನ್ನೊಂದು, ಯಾರೂ ಹೇಳಲಿಲ್ಲ. ಕನ್ನಡದಲ್ಲಿ ಪ್ರೇಮಕತೆ ಬರೆಯೋರಿಗೆ ನೀವು–ನೀನು ಅನ್ನೋ ಆಯುಧ ಇದೆ. ಅವಳು ಯಾವ ಕಂತಲ್ಲಿ ಬಹುವಚನ ಬಿಟ್ಟು ಏಕವಚನಕ್ಕೆ ಇಳೀತಾಳೆ ಅನ್ನೋದನ್ನು ಲೆಕ್ಕದ ಹಾಳೆಯಲ್ಲಿ ಬರೆದಿಡಿ. ನನ್ನ ಕೇಳಿದರೆ 18ರಲ್ಲಿ, ಪ್ರೀತಿಯಿಂದಲ್ಲ, ಗಾಬರಿಯಲ್ಲಿ: "ಏಯ್, ನಿಲ್ಲು!" ಆಮೇಲೆ ಇಬ್ಬರೂ ಅದರ ಬಗ್ಗೆ ಮಾತಾಡಬಾರದು. 31ರ ಒಡಕಿನಲ್ಲಿ ಅವಳು ಮತ್ತೆ "ನೀವು ಊಟ ಮಾಡಿ, ನಂದಾಯ್ತು" ಅಂದರೆ ಸಾಕು, ಕಣ್ಣೀರಿನ ಪ್ಯಾರಾ ಬೇಕಾಗಲ್ಲ. ಕರಡಿನಲ್ಲಿ ನೀವು–ನೀನು ಬೆರಕೆಯಾಗಿದ್ದರೆ ಈ ಪೆಟ್ಟು ಬೀಳೋದೇ ಇಲ್ಲ, ಅದಕ್ಕೇ ಒಮ್ಮೆ ಬರೀ ಸರ್ವನಾಮಕ್ಕೋಸ್ಕರ ಇಡೀ ಪುಸ್ತಕ ಓದಿ ತಿದ್ದಿ.

ಕಂತಿನ ಕೊನೆಯನ್ನು ಪ್ರತಿ ಸಲ ಕಿರುಚಾಟದಲ್ಲಿ ಮುಗಿಸಬೇಡಿ. ಮೂರು ಕಂತಿಗೊಮ್ಮೆ ಅಪಾಯ, ಮಿಕ್ಕವು ಒಂದು ಮಾತಿನಲ್ಲೋ ಒಂದು ಹೊಸ ಸಂಗತಿಯಲ್ಲೋ ನಿಲ್ಲಲಿ.

ನೀಲಿಶಾಯಿ:

ಎಲ್ಲರಿಗೂ ಧನ್ಯವಾದ. ಕೀಲಕ ಸಂವತ್ಸರ ಮತ್ತೆ ಅಜ್ಜಿ, ಎರಡನ್ನೂ ತಗೊಂಡೆ. ಎರಡು ಪ್ರಶ್ನೆ ಉಳೀತು. ಅವನು ಮೊದಲ ಕೆಲವು ಕಂತು ನಾಯಕಿಯ ಸಹೋದ್ಯೋಗಿಯ ರೂಪ ತಾಳಿ ಅವಳ ಹತ್ತಿರ ಬರ್ತಾನೆ ಅಂತ ಬರೆದಿದ್ದೆ, ಹಾವು ಗಂಡನ ರೂಪದಲ್ಲಿ ಬರುವ ಜನಪದ ಕತೆಯ ಥರ. ಇಟ್ಟುಕೊಳ್ಳಬಹುದಾ? ಸತ್ತವನ ಕತೆಯನ್ನು ಸುಖಾಂತ ಮಾಡೋದು ಹೇಗೆ? ಕೊನೆಗೆ ಅವಳೂ ಅವನ ಲೋಕಕ್ಕೆ ಹೋಗ್ತಾಳೆ ಅಂತ ಯೋಚಿಸಿದ್ದೆ.

ಅಡಿಟಿಪ್ಪಣಿ:

ಮೊದಲು ದೈವದ ವಿಷಯ, ಅದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಬೇಡ. ತುಳುನಾಡಿನಲ್ಲಿ ದೈವ ಅಂದರೆ ಹಳೆಯ ಕತೆಯ ಪಾತ್ರ ಅಲ್ಲ, ಪ್ರತಿ ವರ್ಷ ಕೋಲ ನಡೆದು ಊರಿನ ವ್ಯಾಜ್ಯಕ್ಕೆ ನುಡಿ ಕೊಡುವ, ಮನೆತನಗಳು ನಂಬಿ ನಡೆಯುವ ಶಕ್ತಿ. ಸಿನಿಮಾ ನೋಡಿ ಈಗ ಎಲ್ಲರಿಗೂ ಆಸೆ ಹುಟ್ಟಿದೆ ನಿಜ. ಆದರೆ ಅದನ್ನು ಪ್ರಣಯದ ನಾಯಕನಾಗಿಸಿದರೆ ನಂಬುವವರಿಗೆ ನೋವು, ಕತೆಗೂ ನಷ್ಟ, ಯಾಕೆಂದರೆ ಹೆಜ್ಜೆಹೆಜ್ಜೆಗೂ ನೀವು ಕೈ ಹಿಡಿದುಕೊಂಡೇ ಬರೆಯಬೇಕಾಗುತ್ತೆ. ಜೈನ ಬಸದಿಗಳ ಯಕ್ಷಿಯರೂ ಹಾಗೆಯೇ. ಹೊಂಬುಜದ ಪದ್ಮಾವತಿಗೆ ಇಂದಿಗೂ ಪೂಜೆ ಇದೆ, ಅವಳ ಹೆಸರು ಇಟ್ಟುಕೊಂಡು ಮೋಹಿನಿ ಕತೆ ಕಟ್ಟಬೇಡಿ.

ಮೂರನೇ ಪುಸ್ತಕಕ್ಕೆ ನಿಮ್ಮ ಸೀಮೆಯಲ್ಲೇ ಒಳ್ಳೆ ಸಾಮಗ್ರಿ ಇದೆ. ಮಲೆನಾಡಿನ ಕೆಲವು ಮನೆಗಳಲ್ಲಿ ಮುತ್ತೈದೆಯಾಗಿ ಸತ್ತ ಮೊದಲ ಹೆಂಡತಿಯನ್ನು ಜಕ್ಕಿಣಿ ಅಂತ ನೆನೆದು ಎಡೆ ಇಡುವ ರೂಢಿ ಇದೆ. ಎರಡನೇ ಹೆಂಡತಿ, ಗಂಡ, ಜಕ್ಕಿಣಿ. ದೇವರ ಹೆಸರು ಎತ್ತದೆ, ಯಾವ ಮನೆತನವನ್ನೂ ತೋರಿಸದೆ ಬರೆಯಬಹುದು. ಇನ್ನೊಂದು ಮೂಲ ವೇಳೆವಾಳಿ: ಒಡೆಯ ಸತ್ತರೆ ತಾನೂ ಸಾಯುವೆ ಅಂತ ಪಣ ತೊಟ್ಟವರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಎರಡನೇ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಕಂಬಶಾಸನ ಇಂಥದ್ದೇ. ಆ ಹೆಸರು ಬಳಸಬೇಡಿ, ಪದ್ಧತಿಯನ್ನು ಬಳಸಿ. ಜೀವ ಇನ್ನೊಬ್ಬರಿಗೆ ಮೀಸಲಿಟ್ಟವನು ಪ್ರೀತಿಸಿದರೆ ಏನಾಗುತ್ತೆ ಅನ್ನುವುದು ಸುರಾಂಗನೆಯ ಎದುರು ನಿಲ್ಲಿಸಬಹುದಾದ ನಾಯಕ.

ಈಗ ರೂಪ ತಾಳುವ ಪ್ರಶ್ನೆ. ಜನಪದ ಕತೆಯಲ್ಲಿ ಅದು ನಡೆಯುತ್ತೆ. ಅಲ್ಲಿ ಮೋಸ ಹೋಗುವವಳ ಬದುಕು ಮೊದಲೇ ಗಂಡನಿಂದ ಹಾಳಾಗಿರುತ್ತೆ, ಹಾವಿಗೂ ಶಿಕ್ಷೆ ತಪ್ಪುವುದಿಲ್ಲ. ನಿಮ್ಮ ಕತೆಯಲ್ಲಿ ಆ ಎರಡೂ ಇಲ್ಲ. ಪರಿಚಿತ ಸಹೋದ್ಯೋಗಿ ಅಂದುಕೊಂಡು ಅವಳು ಹತ್ತಿರ ಬಿಟ್ಟುಕೊಂಡರೆ ಇವತ್ತಿನ ಓದುಗರು ಅದನ್ನು ವಂಚನೆ ಅಂತಲೇ ಓದ್ತಾರೆ, 40ನೇ ಕಂತಿನವರೆಗೂ ಮರೆಯಲ್ಲ. ರೂಪ ತಾಳುವುದು ಇರಲೇಬೇಕಾದರೆ ಎರಡು ಗಡಿ ಹಾಕಿ. ಅವಳನ್ನು ಮುಟ್ಟುವ ಮೊದಲು ಗುಟ್ಟು ಹೊರಬರಬೇಕು. ಅದು ಸಿಕ್ಕಿಬಿದ್ದು ಹೊರಬರಬಾರದು, ಅವನೇ ಹೇಳಬೇಕು. ಹೇಳಿದ್ದಕ್ಕೆ ದಂಡವಾಗಿ ಅವಳು ಐದಾರು ಕಂತು ಅವನನ್ನು ದೂರ ಇಡಬೇಕು.

ಅವನಿಗೆ ಸಾವಿರ ವರ್ಷ, ಅವಳಿಗೆ 29 ಅನ್ನುವ ಅಂತರವನ್ನೂ ಸರಿದೂಗಿಸಬೇಕಾಗುತ್ತೆ. ಅವನ ಬಳಿ ಆಧಾರ್ ಇಲ್ಲ, ದುಡ್ಡಿಲ್ಲ, ಬಸ್ಸು ಹತ್ತಿಸಲೂ ಅವಳೇ ಬೇಕು. ಪ್ರತಿ ಎರಡು ಕಂತಿಗೆ ಒಮ್ಮೆ ಅವಳು ಮಾಡಬಲ್ಲ, ಅವನು ಮಾಡಲಾರದ ಒಂದು ಕೆಲಸ ಇರಲಿ.

ಕೊನೆಯ ಪ್ರಶ್ನೆಗೆ ಖಡಾಖಂಡಿತ ಉತ್ತರ: ಅವಳು ಸತ್ತು ಅವನ ಲೋಕ ಸೇರುವ ಅಂತ್ಯ ಬೇಡವೇ ಬೇಡ. ಎಷ್ಟೋ ಕಡೆ ವೀರಗಲ್ಲಿನ ಪಕ್ಕದಲ್ಲೇ ಮಾಸ್ತಿಕಲ್ಲು ಇರುತ್ತೆ, ಸತಿ ಹೋದ ಹೆಣ್ಣಿನ ನೆನಪಿಗೆ ನಿಲ್ಲಿಸಿದ, ಬಳೆ ತೊಟ್ಟ ಎತ್ತಿದ ಕೈಯ ಗುರುತು ಇರುವ ಕಲ್ಲು. ನಿಮ್ಮ ಅಂತ್ಯ ನೇರವಾಗಿ ಅದನ್ನೇ ಮತ್ತೆ ಕೆತ್ತುತ್ತೆ. 1987ರ ಸತಿ ತಡೆ ಕಾಯ್ದೆಯಲ್ಲಿ ಸತಿಯ ವೈಭವೀಕರಣವೂ ಅಪರಾಧ. ಕಾನೂನಿನ ಮಾತು ಹಾಗಿರಲಿ, ಸಂಬಳಕ್ಕೋಸ್ಕರ ಹೋರಾಡುವ ಹೆಣ್ಣನ್ನು 39 ಕಂತು ಕಟ್ಟಿ 40ರಲ್ಲಿ ಸುಡುವುದು ಯಾವ ಲೆಕ್ಕದಲ್ಲೂ ಸುಖಾಂತ ಅಲ್ಲ. ಬದಲಿಗೆ ಮಾಸ್ತಿಕಲ್ಲನ್ನು ಕತೆಯೊಳಗೆ ಎದುರಿಗಿಟ್ಟು ನಾಯಕಿ ಅದನ್ನು ಒಪ್ಪದಿರುವ ಒಂದು ಕಂತು ಬರೆಯಿರಿ, 35ರ ಸುಮಾರಿಗೆ.

ಅವನು ಮನುಷ್ಯನಾಗಬೇಕು. ಆದರೆ ವರವಾಗಿ ಅಲ್ಲ, ವ್ಯಾಪಾರವಾಗಿ. ಅವನು ಮೇಲಿನ ಅಂಕಣದ ಕೈಲಾಸ ಬಿಟ್ಟುಕೊಡುತ್ತಾನೆ. ಅವಳು ಶಾಸನವನ್ನು ಬಿಟ್ಟುಕೊಡುತ್ತಾಳೆ: ಕೊನೆಯ ನಾಲ್ಕು ಅಕ್ಷರ ತಾನೇ ಅಳಿಸಬೇಕು, ಅಳಿಸಿದರೆ ಆ ಊರಿನ ಅತಿ ಹಳೆಯ ದಾಖಲೆ, ಅವಳ ಲೇಖನ, ಕಾಯಂ ಕೆಲಸ ಮೂರೂ ಹೋಗುತ್ತವೆ. ಹೆಸರಿಗೆ ಕಟ್ಟುಬಿದ್ದವನು ಹೆಸರು ಹೋದಾಗ ಸಾಯುತ್ತಾನೋ ಬಿಡುಗಡೆಯಾಗುತ್ತಾನೋ ಅನ್ನುವುದು ಅಳಿಸುವವರೆಗೂ ಇಬ್ಬರಿಗೂ ಗೊತ್ತಿರಬಾರದು. ಸುಳಿವು ಮಾತ್ರ ಮೊದಲೇ ಬಿತ್ತಿರಿ, ಅಜ್ಜಿಯ ಹಾಡಿನಲ್ಲಿ ಒಂದು ಸಾಲಾಗಿ. ಇಲ್ಲದಿದ್ದರೆ ಕೊನೆಗೆ ಕೈಗೆ ಸಿಕ್ಕ ಉಪಾಯದ ಹಾಗೆ ಕಾಣುತ್ತೆ.

ನೀಲಿಶಾಯಿ:

ಅಯ್ಯೋ, ಒಂದು ತೂತು ಕಾಣ್ತಿದೆ. ಅವಳು ಮೊದಲ ದಿನವೇ ಮೊಬೈಲಲ್ಲಿ ಫೋಟೋ ತೆಗೆದಿರ್ತಾಳೆ, ಪಡಿಯಚ್ಚೂ ತೆಗೆದಿದ್ದಾಳೆ. ಕಲ್ಲಿನಲ್ಲಿ ಅಳಿಸಿದರೂ ಅದರಲ್ಲಿ ಹೆಸರು ಉಳಿಯಲ್ವಾ?

ಪಡಿಯಚ್ಚು:

ಉಳಿಯುತ್ತೆ, ಓದುಗರು ಮೊದಲ ದಿನವೇ ಇದನ್ನು ಕಾಮೆಂಟಲ್ಲಿ ಕೇಳ್ತಾರೆ. ಮೂರನೇ ಕಂತಲ್ಲೇ ತೀರ್ಮಾನ ಮಾಡಿ. ಫೋಟೋ ಬೆಳಕಿನ ನೆರಳು, ಕಲ್ಲನ್ನು ಮುಟ್ಟಿಲ್ಲ, ಆದ್ದರಿಂದ ಲೆಕ್ಕಕ್ಕಿಲ್ಲ ಅನ್ನಿ. ಕಲ್ಲಿನಲ್ಲಿ ಅಕ್ಷರ ಹೋದಾಗ ಫೋಟೋದಲ್ಲೂ ಮಸುಕಾಗಲಿ, ಅದನ್ನು ಅವಳು 6ನೇ ಕಂತಲ್ಲಿ ಗಮನಿಸಿ ಮೊಬೈಲ್ ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳಲಿ. ಪಡಿಯಚ್ಚು ಬೇರೆ. ಅದು ಕಲ್ಲಿನ ಮೈಗೆ ಅಂಟಿ ಅಚ್ಚಾದದ್ದು, ಒತ್ತುವಾಗ ಹಾಳೆ ಹಿಡಿದವನು ಅವನೇ. ಆ ಹಾಳೆಯಲ್ಲಿ ಅಕ್ಷರ ಅಳಿಯುವುದಿಲ್ಲ. ಹಾಗಾಗಿ 40ರಲ್ಲಿ ಕಲ್ಲು ಅಳಿಸಿದರೆ ಸಾಲದು, ಹಾಳೆಯನ್ನೂ ಕೊಡಬೇಕು. ಅದು ಆ ಹೊತ್ತಿಗೆ ಅವಳ ಮೇಲಧಿಕಾರಿಯ ಬೀರುವಿನಲ್ಲಿರಬೇಕು, 28ರಲ್ಲಿ ಅವಳೇ ಸಹಿ ಹಾಕಿ ಒಪ್ಪಿಸಿದ್ದು. ಕೊನೆಯ ಐದು ಕಂತಿಗೆ ಕೆಲಸ ಸಿಕ್ಕಿತು.

ಇನ್ನೊಂದು ಜೋಪಾನ. ಆ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಪುಟಗಳಲ್ಲಿ ಆಗಲೇ ಅಚ್ಚು ಹಾಕಿಸಿದ್ದಾರೆ, ಶಿಕಾರಿಪುರ ಏಳನೇ ಸಂಪುಟ, ಸೊರಬ ಎಂಟನೆಯದು. ನಿಮ್ಮ ಕಲ್ಲು ಅವರ ಕಣ್ಣಿಗೆ ಬಿದ್ದಿರಬಾರದು. ಬಿದ್ದಿದ್ದರೆ ಹೆಸರು ನೂರು ವರ್ಷದಿಂದ ಪುಸ್ತಕದಲ್ಲಿದೆ, ಅಳಿಸಿ ಪ್ರಯೋಜನವಿಲ್ಲ. ಬರಹದ ಮೈ ಕೆಳಗಾಗಿ ಬಿದ್ದಿದ್ದ ಒಗೆಯುವ ಕಲ್ಲು ಅಂತ ಆಗಲೇ ಇಟ್ಟಿದ್ದೀವಲ್ಲ, ಅದೊಂದು ವಾಕ್ಯವನ್ನು ಅಜ್ಜಿಯ ಬಾಯಲ್ಲಿ ಹೇಳಿಸಿ, ಸಾಕು.